ಚೀಟಿಯ ಐದನೇ ಪ್ರಶ್ನೆ

ಬೆಳಕು ಹರಿಯುವ ಮೊದಲು ಅವಳು ಮಾಡಿ ಮುಗಿಸುವ ಕೆಲಸಗಳು ಇವು. ನಾಲ್ಕೂಕಾಲಿಗೆ ಎದ್ದು ಒಲೆಯ ಮೇಲೆ ನೀರಿಡುವುದು. ರಾತ್ರಿ ನೆನೆಹಾಕಿದ ಕಾಳನ್ನು ಕುಕ್ಕರಿಗೆ ಹಾಕಿ, ಅದು ಮೂರು ಸಲ ಕೂಗುವುದರೊಳಗೆ ತರಕಾರಿ ಹೆಚ್ಚುವುದು. ಅತ್ತೆಗೆ ಹಲ್ಲಿಲ್ಲ, ಮೆತ್ತಗೆ ಬೆಂದದ್ದು ಬೇರೆ. ಗಂಡನಿಗೆ ಖಾರ ಮುಂದಿರಬೇಕು, ಅದು ಬೇರೆ. ಮಗಳಿಗೆ ಖಾರ ಆಗದು, ಅದೂ ಬೇರೆ. ತನಗೆ ಈ ಮೂರರಲ್ಲಿ ಯಾವುದು ಮಿಕ್ಕಿತೋ ಅದು. ಡಬ್ಬಿಗಳ ಮುಚ್ಚಳ ಹುಡುಕುವುದು. ಎಣ್ಣೆ ಬೆಚ್ಚಗೆ ಮಾಡಿ ಅತ್ತೆಯ ಎರಡೂ ಮಂಡಿ ತಿಕ್ಕುವುದು, ಬಲದ್ದು ಐದು ನಿಮಿಷ, ಎಡದ್ದು ಹತ್ತು. ಮಗಳ ಸಮವಸ್ತ್ರಕ್ಕೆ ಇಸ್ತ್ರಿ. ನಿನ್ನೆಯ ಬಟ್ಟೆ ಮಡಿಸಿ ಇವತ್ತಿನದನ್ನು ನೆನೆಸುವುದು. ಕಸ ಹೊರಗಿಡುವುದು. ಗಂಡನ ಕನ್ನಡಕ ಹುಡುಕಿಕೊಡುವುದು. ಕೊನೆಯದನ್ನು ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅದಕ್ಕೆ ದಿನಕ್ಕೆ ಏಳು ನಿಮಿಷ ಬೇಕು, ಮತ್ತು ಆ ಏಳು ನಿಮಿಷದಲ್ಲಿ ಹಾಲು ಉಕ್ಕುತ್ತದೆ.

ಕಾಲೇಜಿಗೆ ಹೋಗಬೇಕಾದ ಶನಿವಾರಗಳಲ್ಲಿ ಇವುಗಳ ಜೊತೆಗೆ ಮಧ್ಯಾಹ್ನದ್ದೂ ಸಂಜೆಯದ್ದೂ ಸೇರಿಕೊಳ್ಳುತ್ತಿದ್ದುದರಿಂದ ಅವಳು ಮೂರು ಗಂಟೆಗೇ ಏಳುತ್ತಿದ್ದಳು. ಆ ಶನಿವಾರವೂ ಹಾಗೇ ಎದ್ದಿದ್ದಳು. ಆರೂವರೆಗೆ ಗಂಡ ಕಣ್ಣುಜ್ಜಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದ. ಅವನು ಅಂಚೆ ಕಚೇರಿಯಲ್ಲಿ ಗುಮಾಸ್ತ. ಕೆಟ್ಟವನಲ್ಲ. ಕೆಟ್ಟವನಲ್ಲ ಎಂಬುದನ್ನೇ ಒಂದು ಪದವಿಯಂತೆ ಹಾಕಿಕೊಂಡು ಓಡಾಡುತ್ತಿದ್ದ, ಅಷ್ಟೆ.

"ಇವತ್ತು ಶನಿವಾರ ಅಲ್ವಾ?" ಎಂದ.

"ಕಾಲೇಜಿಗೆ ಹೋಗ್ಬೇಕು. ಸೋಮವಾರಾನೇ ಹೇಳಿದ್ದೆ."

"ಅದಕ್ಕೇನಾದ್ರೂ ಕೊಡ್ತಾರಾ?"

"ಮಗ್ಗು ಕೊಡ್ತಾರೆ."

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಆಗ್ಲೇ ಆರು ಮಗ್ಗು ಕೂತಿವೆ ಕಪಾಟಲ್ಲಿ. ಈ ಮನೆಗೆ ಬಂದು ಕುಡಿಯೋರು ಯಾರಿದಾರೆ ಅಂತ ತರ್ತಾಳೋ."

ಅತ್ತೆ ಕುಹಕಕ್ಕೆ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಆ ಮನೆಗೆ ಅವಳನ್ನು ಹುಡುಕಿಕೊಂಡು ಯಾರೂ ಬರುತ್ತಿರಲಿಲ್ಲ. ಬಂದರೆ ಕೂರಿಸಿ ಮಾತಾಡಲು ಅವಳಿಗೆ ಹೊತ್ತೂ ಇರಲಿಲ್ಲ. ದಿನವಿಡೀ ಜನರ ನಡುವೆಯೇ ಇದ್ದು ಯಾರ ಜೊತೆಗೂ ಇರದೆ ಬದುಕುವುದು ಹೇಗೆಂದು ಕೇಳಿದರೆ ಅವಳು ಚೆನ್ನಾಗಿ ವಿವರಿಸಬಲ್ಲವಳಾಗಿದ್ದಳು. ಯಾರೂ ಕೇಳಿರಲಿಲ್ಲ.

ಅವಳು ಲಿಫ್ಟ್ ತಯಾರಿಸುವ ಕಾರ್ಖಾನೆಯಲ್ಲಿ ಬ್ರೇಕ್ ಪರೀಕ್ಷಿಸುವ ಇಂಜಿನಿಯರು. ಏಳು ಮಹಡಿ ಎತ್ತರದ ಒಂದು ಗೋಪುರ, ಅದರೊಳಗೆ ಬರಿಯ ಉಕ್ಕಿನ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಇಪ್ಪತ್ತೈದು ಕಿಲೋದ ಕಬ್ಬಿಣದ ಬಿಲ್ಲೆಗಳನ್ನು ಪೇರಿಸಿ, ಹೊರಬೇಕಾದ ಭಾರಕ್ಕಿಂತ ಕಾಲುಪಾಲು ಹೆಚ್ಚು ಹೇರಿ, ಮೇಲಿಂದ ಬಿಟ್ಟು, ಮಧ್ಯದಲ್ಲಿ ಕರೆಂಟು ತೆಗೆಯುವುದು. ಬ್ರೇಕು ಹಿಡಿಯಬೇಕು. ಎಷ್ಟು ಅಂಗುಲ ಜಾರಿ ಹಿಡಿಯಿತು ಎಂಬುದನ್ನು ಅಳೆದು ಬರೆದು ಸಹಿ ಹಾಕುವುದು. ಒಂಬತ್ತು ವರ್ಷದಲ್ಲಿ ಅವಳ ಸಹಿಯಿದ್ದ ಒಂದು ಬ್ರೇಕೂ ಹಿಂದಕ್ಕೆ ಬಂದಿರಲಿಲ್ಲ. ಹೀಗಾಗಿ ಕಾರ್ಖಾನೆಯ ತುಂಬ ಅವಳು 'ಬ್ರೇಕ್ ಮೇಡಂ'. ಹೊಸದಾಗಿ ಬಂದವರಿಗೆ ಅವಳ ನಿಜವಾದ ಹೆಸರು ತಿಳಿಯಲು ವರ್ಷ ಹಿಡಿಯುತ್ತಿತ್ತು. ತಿಳಿದ ಮೇಲೂ ಅವರು ಬ್ರೇಕ್ ಮೇಡಂ ಎಂದೇ ಕರೆಯುತ್ತಿದ್ದರು.

ಪರೀಕ್ಷಾ ವಿಭಾಗದಲ್ಲಿ ಮೂವತ್ತೊಂದು ಜನ ಗಂಡಸರು, ಅವಳೊಬ್ಬಳು. ಅವರೂ ಕೆಟ್ಟವರಲ್ಲ. ಊಟದ ಹೊತ್ತಿಗೆ ಮರದ ಪೆಟ್ಟಿಗೆಗಳನ್ನು ಬೋರಲು ಹಾಕಿಕೊಂಡು ಸುತ್ತ ಕೂತು, ಒಬ್ಬರ ಡಬ್ಬಿಗೆ ಒಬ್ಬರು ಕೈ ಹಾಕಿ ತಿನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳೂ ಹೋಗಿ ಕೂತಿದ್ದಳು. ನಗುತ್ತಿದ್ದವರು ನಗು ನುಂಗಿಕೊಂಡರು. ಒಬ್ಬ ಅಂಗಿಯ ಗುಂಡಿ ಹಾಕಿಕೊಂಡ. ಇನ್ನೊಬ್ಬ, "ಮೇಡಂಗೆ ಒಳ್ಳೆ ಪೆಟ್ಟಿಗೆ ಕೊಡ್ರೋ" ಎಂದು ಎದ್ದು ನಿಂತ. ಎಲ್ಲರೂ ಬೇಗಬೇಗ ತಿಂದು ಎದ್ದುಹೋದರು. ಮರುದಿನದಿಂದ ಅವಳು ಅಳತೆಯ ಉಪಕರಣಗಳ ಕೋಣೆಯಲ್ಲಿ ಬಾಗಿಲು ಮುಂದಕ್ಕೆಳೆದುಕೊಂಡು ಉಣ್ಣತೊಡಗಿದಳು. ಹಾಗೆ ಆರು ವರ್ಷ.

ಮೂರು ವರ್ಷದ ಹಿಂದೆ ಕಂಪನಿ ನೌಕರರ ಬಳಗಗಳನ್ನು ಕಟ್ಟಿತು. ಅಂಗವಿಕಲರಿಗೊಂದು, ಮನೆತನದಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಿಗೊಂದು, ಹೆಂಗಸರಿಗೊಂದು. ನಾನೂರ ಮೂವತ್ತು ಜನರ ಕಾರ್ಖಾನೆಯಲ್ಲಿ ಹೆಂಗಸರು ಈಗ ಎಲ್ಲ ಸೇರಿ ಹನ್ನೊಂದು. ಮಹಿಳಾ ಬಳಗಕ್ಕೆ ಹಳೆಯ ನಕ್ಷೆಗಳನ್ನಿಡುತ್ತಿದ್ದ ಕೋಣೆ ಸಿಕ್ಕಿತು. ಪ್ರತಿ ಗುರುವಾರ ಮಧ್ಯಾಹ್ನ ಒಂದು ಗಂಟೆ ಅದು ಅವರದು. ಬಳಗದ ಮುಂದಾಳು ಲೆಕ್ಕಪತ್ರ ವಿಭಾಗದ ಹಿರಿಯಾಕೆ. ಎಲ್ಲರಿಗೂ ಆಕೆ ಲೆಕ್ಕದಕ್ಕ. ಮೊದಲ ಗುರುವಾರ ಬ್ರೇಕ್ ಮೇಡಂ ಬಾಗಿಲಲ್ಲೇ ನಿಂತಾಗ ಲೆಕ್ಕದಕ್ಕ ತನ್ನ ಡಬ್ಬಿಯ ಮುಚ್ಚಳವನ್ನು ಅವಳ ಕಡೆ ನೂಕಿ, "ಏನೇ, ಮದುವೆಗೆ ಕರೆದ ಹಾಗೆ ಕರೀಬೇಕಾ? ಕೂತ್ಕೋ, ನಿನ್ ಡಬ್ಬೀಲಿ ಏನಿದೆ ತೆಗಿ" ಎಂದಿದ್ದಳು. ಆರು ವರ್ಷದ ಮೇಲೆ ಯಾರೋ ಅವಳ ಡಬ್ಬಿಗೆ ಕೈ ಹಾಕಿದ್ದರು. ಅವಳು ಬೇಗನೆ ತಲೆ ತಗ್ಗಿಸಿದಳು. ಕಣ್ಣು ತುಂಬಿದ್ದು ಯಾರಿಗೂ ಕಾಣಬಾರದೆಂದು.

ವಾರಕ್ಕೆ ಒಂದು ಗಂಟೆ. ಅತ್ತೆಯರ ಗೊರಕೆ, ಮಕ್ಕಳ ಹೇನು, ಮೇಲಧಿಕಾರಿಯ ವಿಗ್ಗು ಎಲ್ಲದರ ಮಾತೂ ಅಲ್ಲಿ ನಡೆಯುತ್ತಿತ್ತು. ಉಳಿದ ನೂರ ಅರವತ್ತೇಳು ಗಂಟೆಗಳನ್ನು ಅವಳು ಆ ಒಂದರ ಮೇಲೆ ಹೊರಿಸಿ ತಳ್ಳುತ್ತಿದ್ದಳು.

ಕಾಲೇಜುಗಳಿಗೆ ಹೋಗುವ ಕೆಲಸವೂ ಬಳಗದಿಂದಲೇ ಬಂದದ್ದು. ಇಂಜಿನಿಯರಿಂಗ್ ಓದುವ ಹುಡುಗಿಯರನ್ನು ಹೆಚ್ಚಾಗಿ ನೇಮಿಸಿಕೊಳ್ಳಬೇಕೆಂದು ಕಂಪನಿ ತೀರ್ಮಾನಿಸಿದಾಗ, ಬರಿಯ ಗಂಡಸರು ಹೋಗಿ ಕೂತರೆ ಹುಡುಗಿಯರು ಹತ್ತಿರ ಸುಳಿಯುವುದಿಲ್ಲ, ಬಳಗದವರು ಬರಲಿ ಎಂದಾಯಿತು. ಸಂದರ್ಶನಕ್ಕೆ ಮುಂಚೆ ಪ್ರತಿ ಹುಡುಗಿಯೂ ಬಳಗದ ಒಬ್ಬಾಕೆಯ ಎದುರು ಕೂತು ಮನಬಿಚ್ಚಿ ಮಾತಾಡಬಹುದು. ಅದಕ್ಕೆ 'ಅಕ್ಕನ ಜೊತೆ ಹತ್ತು ನಿಮಿಷ' ಎಂದು ಹೆಸರು. ಹುಡುಗಿ ಹೊರಗೆ ಹೋದ ಮೇಲೆ ಅಕ್ಕ ಒಂದು ಚೀಟಿ ತುಂಬಬೇಕು. ಐದು ಪ್ರಶ್ನೆ. ವಿಷಯ ಗೊತ್ತಿದೆಯೇ, ಮಾತು ಸ್ಪಷ್ಟವಾಗಿದೆಯೇ, ಯಂತ್ರಗಳಲ್ಲಿ ಆಸಕ್ತಿ ಇದೆಯೇ, ಪಾಳಿಯಲ್ಲಿ ದುಡಿಯಲು ಒಪ್ಪುತ್ತಾಳೆಯೇ. ಐದನೆಯದು, 'ಮನೆಯ ಪರಿಸ್ಥಿತಿ: ಮಾತಿನ ನಡುವೆ ತಿಳಿದದ್ದು.'

ಬ್ರೇಕ್ ಮೇಡಂಗೆ ಈ ಕೆಲಸ ಇಷ್ಟವಿತ್ತು. ಪರಿಚಯವೇ ಇಲ್ಲದ ಹುಡುಗಿಯರು ಬಂದು ಕೂತು, ಎರಡನೇ ನಿಮಿಷಕ್ಕೆ 'ಅಕ್ಕ' ಎನ್ನುತ್ತಿದ್ದರು. ಕಳೆದ ವರ್ಷ ಒಬ್ಬಳು ಬಂದಿದ್ದಳು, ಹೆಬ್ಬೆರಳಿಗೆ ಸುಟ್ಟ ಬೊಬ್ಬೆ. ಯಂತ್ರರಚನೆಯ ನಕ್ಷೆಯಲ್ಲಿ ಇಡೀ ಕಾಲೇಜಿಗೆ ಮೊದಲಿಗಳು. ಬೊಬ್ಬೆ ಹೇಗಾಯಿತೆಂದು ಕೇಳಿದ್ದಕ್ಕೆ ಹುಡುಗಿ ನಕ್ಕು ಎಲ್ಲವನ್ನೂ ಹೇಳಿದಳು. ಆ ಚೀಟಿಯನ್ನು ಬ್ರೇಕ್ ಮೇಡಂ ದುಂಡಗೆ, ಬಿಡಿಸಿ, ಮನಸ್ಸಿಟ್ಟು ಬರೆದಿದ್ದಳು. ಐದನೇ ಪ್ರಶ್ನೆಗೆ ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದಳು: 'ನಾಲ್ಕು ಗಂಟೆಗೆ ಎದ್ದು ಐದು ಜನರ ಅಡುಗೆ ಮಾಡಿ, ಹಾಸಿಗೆ ಹಿಡಿದ ಅಜ್ಜಿಯ ಮೈ ಒರೆಸಿ, ಒಂದೂವರೆ ಗಂಟೆ ಬಸ್ಸಿನಲ್ಲಿ ಬಂದು ಮೊದಲ ಬೆಂಚಿನಲ್ಲಿ ಕೂರುತ್ತಾಳೆ. ಇಷ್ಟು ಗಟ್ಟಿ ಹುಡುಗಿಯನ್ನು ನಾನು ಕಂಡಿಲ್ಲ. ದಯವಿಟ್ಟು ಬಿಡಬೇಡಿ.'

ತನ್ನ ಬಗ್ಗೆ ಯಾರೂ ಬರೆಯದಿದ್ದ ಸಾಲುಗಳನ್ನು ಅವಳು ಆ ಹುಡುಗಿಗೆ ಬರೆದುಕೊಟ್ಟಿದ್ದಳು. ಹೊಸ ತಂಡ ಬಂದಾಗ ಬಾಗಿಲ ಕಡೆ ಒಂದು ವಾರ ನೋಡಿದಳು. ಹುಡುಗಿ ಬರಲಿಲ್ಲ. ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿರಬೇಕು, ಸಿಗದೆ ಏನು ಎಂದುಕೊಂಡಳು.

ಆ ಶನಿವಾರ ವ್ಯಾನಿನಲ್ಲಿ ನಾಲ್ಕು ಜನ. ನೇಮಕಾತಿ ವಿಭಾಗದ ಯುವಕನೊಬ್ಬ. ಸದಾ ಹಲ್ಲು ಕಾಣುತ್ತಿದ್ದುದರಿಂದ ಬಳಗದವರು ಅವನಿಗೆ ನಗುಮುಖ ಎಂದು ಹೆಸರಿಟ್ಟಿದ್ದರು. ಲೆಕ್ಕದಕ್ಕ. ಬಣ್ಣದ ವಿಭಾಗದಿಂದ ಮೊದಲ ಸಲ ಹೊರಟಿದ್ದ ಹೊಸಬಳು. ಮತ್ತು ಇವಳು. ಊರು ದಾಟುತ್ತಿದ್ದಂತೆ ನಗುಮುಖ ಹೊಸಬಳಿಗೆ ಚೀಟಿ ತುಂಬುವುದನ್ನು ಕಲಿಸಲು ಶುರುಮಾಡಿದ.

"ಸುಮ್ನೆ 'ಚೆನ್ನಾಗಿದೆ' ಅಂತ ಬರೆದ್ರೆ ನಮಗೆ ಉಪಯೋಗ ಇಲ್ಲ. ಮಾದರಿ ತಂದಿದೀನಿ ನೋಡಿ. ಹೆಸರು ಅಳಿಸಿದೀನಿ. ನಮ್ಮ ಬ್ರೇಕ್ ಮೇಡಂ ಬರೆದದ್ದು. ಹೀಗೆ ಬರೀಬೇಕು."

ಅವನು ಗಟ್ಟಿಯಾಗಿ ಓದಿದ. ನಾಲ್ಕು ಗಂಟೆ, ಐದು ಜನರ ಅಡುಗೆ, ಅಜ್ಜಿಯ ಮೈ. ಬ್ರೇಕ್ ಮೇಡಂಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಅಷ್ಟರಲ್ಲಿ ಹೊಸಬಳು ಕಾಗದವನ್ನು ಕೈಗೆ ತೆಗೆದುಕೊಂಡು, "ಕೆಳಗಡೆ ಕೆಂಪು ಶಾಯೀಲಿ ಇದೇನು ಸರ್?" ಎಂದಳು.

"ಅದು ನಮ್ಮ ಸಾಹೇಬರು ಬರೆದದ್ದು. 'ಮನೆ ಭಾರ ಹೆಚ್ಚು. ಪಾಳಿಗೆ ನಿಲ್ಲುವುದಿಲ್ಲ. ಬೇಡ.'" ನಗುಮುಖ ಅದನ್ನೂ ಅದೇ ಉತ್ಸಾಹದಲ್ಲಿ ಓದಿದ. "ಸಂದರ್ಶನದಲ್ಲಿ ನಾವು ಇದನ್ನೆಲ್ಲ ಕೇಳೋ ಹಾಗಿಲ್ಲ. ಕೇಳಿದ್ರೂ ಹುಡುಗೀರು ಹೇಳಲ್ಲ. ಅಕ್ಕಂದಿರ ಹತ್ರ ಆದ್ರೆ ಬಾಯಿ ಬಿಡ್ತಾರೆ. ಈ ಒಂದು ಚೀಟಿಯಿಂದ ನಮಗೆ ಒಂದು ನೇಮಕಾತಿ ದಂಡ ಆಗೋದು ತಪ್ಪಿತು. ಥ್ಯಾಂಕ್ಸ್ ಮೇಡಂ."

ಅವನು ವ್ಯಂಗ್ಯವಾಡುತ್ತಿರಲಿಲ್ಲ. ಮನಸಾರೆ ಥ್ಯಾಂಕ್ಸ್ ಹೇಳುತ್ತಿದ್ದ. ಬ್ರೇಕ್ ಮೇಡಂ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಹುಡುಗಿ ನಂಬಿ ಕೊಟ್ಟದ್ದನ್ನು ತಾನು ತನ್ನ ದುಂಡಗಿನ ಅಕ್ಷರದಲ್ಲಿ, ಜಾಗ ಸಾಲದೆ ಅಂಚಿನಲ್ಲೂ ಬರೆದು, ಎತ್ತಿಕೊಟ್ಟಿದ್ದಳು. ಹೊಗಳಿಕೆಯೆಂದು ಬರೆದದ್ದು ದೂರಾಗಿ ಓದಿಸಿಕೊಂಡಿತ್ತು. ನಾಲ್ಕು ಗಂಟೆಗೆ ಏಳದ ಯಾರೋ ಅದನ್ನು ಓದಿದ್ದರು.

ದಾರಿಯಲ್ಲಿ ಚಹಾ ಅಂಗಡಿಯ ಮುಂದೆ ವ್ಯಾನು ನಿಂತಿತು. ನಗುಮುಖನೂ ಹೊಸಬಳೂ ಒಳಗೆ ಹೋದರು. ಬ್ರೇಕ್ ಮೇಡಂ ಲೆಕ್ಕದಕ್ಕನ ತೋಳು ಹಿಡಿದು ನಿಲ್ಲಿಸಿದಳು.

"ನಿಮಗೆ ಗೊತ್ತಿತ್ತಾ ಅಕ್ಕ?"

ಲೆಕ್ಕದಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಗೊತ್ತಿತ್ತು ಕಣೆ. ಐದನೇ ಪ್ರಶ್ನೆ ಹಾಕಿಸಿದ್ದೇ ನಾನು."

ಬ್ರೇಕ್ ಮೇಡಂ ಹಿಡಿದಿದ್ದ ತೋಳನ್ನು ಬಿಟ್ಟಳು.

"ಹಾಗೆ ನೋಡ್ಬೇಡ. ಮೊದಲ ವರ್ಷ ಏನಾಯ್ತು? ಐದು ಹುಡುಗೀರನ್ನ ತಗೊಂಡ್ರು, ಆರು ತಿಂಗಳಲ್ಲಿ ನಾಲ್ಕು ಜನ ಬಿಟ್ಟು ಹೋದ್ರು. ಒಬ್ಬಳಿಗೆ ಅಮ್ಮನ ಕಾಯಿಲೆ, ಒಬ್ಬಳಿಗೆ ಮಾವನ ಕಾಯಿಲೆ. ಮೇಲಿನವರು ನನ್ನ ಕರೆದು, ನೋಡಮ್ಮ, ನಿಮ್ಮ ಹೆಂಗಸರು ನಿಲ್ಲಲ್ಲ, ಈ ಆಟ ಸಾಕು ಅಂದ್ರು. ನಿಲ್ಲೋರನ್ನ ನಾವೇ ಆರಿಸಿ ಕೊಡ್ತೀವಿ ಅಂದೆ. ಅದಕ್ಕೇ ಬಾಗಿಲು ಇನ್ನೂ ತೆರೆದಿದೆ."

"ನಾನು ನಿಂತಿಲ್ವಾ? ಆ ಹುಡುಗಿ ಮನೆ ಹೇಗೋ ನನ್ನ ಮನೆಯೂ ಹಾಗೇ."

"ನಿನ್ನ ತಗೊಂಡಾಗ ಈ ಚೀಟಿ ಇರಲಿಲ್ಲ."

ರಸ್ತೆಯಲ್ಲಿ ಲಾರಿಗಳು ಹೋದವು.

"ಹುಡುಗರ ಚೀಟೀಲಿ ಐದನೇ ಪ್ರಶ್ನೆ ಇದೆಯಾ?" ಎಂದಳು ಬ್ರೇಕ್ ಮೇಡಂ.

"ಹುಡುಗರಿಗೆ ಚೀಟೀನೇ ಇಲ್ಲ."

"ಅವರ ಮನೇಲಿ ಅಜ್ಜೀರು ಹಾಸಿಗೆ ಹಿಡಿಯಲ್ವಾ?"

"ಹಿಡೀತಾರೆ. ನೋಡ್ಕೊಳ್ಳೋಕೆ ಅಕ್ಕತಂಗೀರು ಇರ್ತಾರೆ." ಲೆಕ್ಕದಕ್ಕ ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. "ನನಗೂ ಹೊಟ್ಟೆ ಉರಿಯುತ್ತೆ ಕಣೆ. ನನ್ನ ಮಗುವನ್ನ ಪಕ್ಕದ ಮನೆಯವರ ಜಗಲಿ ಮೇಲೆ ಬಿಟ್ಟು ಇಪ್ಪತ್ತೆರಡು ವರ್ಷ ದುಡಿದಿದೀನಿ. ಒಂದು ಕಣ್ಣು ಹೋದ್ರೂ ಇನ್ನೊಂದು ಉಳೀಲಿ ಅಂತ ಇದನ್ನ ಮಾಡಿದ್ದು. ಬಳಗ ಮುಚ್ಚಿಹೋದ್ರೆ ನಾವು ಹನ್ನೊಂದು ಜನಾನೂ ಮತ್ತೆ ಒಂದೊಂದು ಮೂಲೆ ಸೇರ್ತೀವಿ. ನಿನಗೆ ಬೇಕಾ ಅದು?"

ಬೇಡವಾಗಿತ್ತು. ಅಷ್ಟಂತೂ ಅವಳಿಗೆ ಖಚಿತವಿತ್ತು.

ಕಾಲೇಜಿನಲ್ಲಿ ಅವಳಿಗೆ ಎರಡನೇ ಮಹಡಿಯ ತರಗತಿಯೊಂದನ್ನು ಕೊಟ್ಟರು. ಬೆಂಚುಗಳನ್ನು ಗೋಡೆಗೆ ಸರಿಸಿ, ನಡುವೆ ಒಂದು ಮೇಜು, ಎರಡು ಕುರ್ಚಿ. ಅವಳ ಪಟ್ಟಿಯಲ್ಲಿ ಹದಿನಾಲ್ಕು ಹೆಸರು. ಪಕ್ಕದ ಕೋಣೆಗಳಲ್ಲಿ ಲೆಕ್ಕದಕ್ಕ ಮತ್ತು ಹೊಸಬಳು. ಹುಡುಗರು ಕೆಳಗಿನ ಸಭಾಂಗಣದಲ್ಲಿ ನೇರವಾಗಿ ಸಂದರ್ಶನಕ್ಕೆ ಕೂತಿದ್ದರು.

ಮೊದಲ ಇಬ್ಬರು ಹುಡುಗಿಯರಿಗೆ ಅವಳು ಯಂತ್ರದ ಪ್ರಶ್ನೆಗಳನ್ನಷ್ಟೇ ಕೇಳಿ, ಐದನೇ ಜಾಗ ಖಾಲಿ ಬಿಟ್ಟಳು. ಚೀಟಿ ಒಯ್ಯಲು ಬಂದ ನಗುಮುಖ ಅಲ್ಲೇ ನಿಂತು ನೋಡಿದ.

"ಮೇಡಂ, ಐದನೇದು ಖಾಲಿ ಇದೆ. ಖಾಲಿ ಬಿಟ್ರೆ ಆ ಹುಡುಗಿ ಮುಂದಕ್ಕೇ ಹೋಗಲ್ಲ. ಏನೋ ಮುಚ್ಚಿಟ್ಟಿದಾಳೆ ಅಂತ ಲೆಕ್ಕ."

"ಅವಳು ಏನೂ ಮುಚ್ಚಿಟ್ಟಿಲ್ಲ. ನಾನೇ ಕೇಳಲಿಲ್ಲ."

"ಹಾಗಂತ ಬರೆಯೋಕೆ ಜಾಗ ಎಲ್ಲಿದೆ ಮೇಡಂ?" ಎಂದು ನಕ್ಕು, ಎರಡೂ ಚೀಟಿಗಳನ್ನು ಮೇಜಿನ ಮೇಲೇ ಇಟ್ಟುಹೋದ. ಖಾಲಿ ಬಿಡುವ ದಾರಿಯೂ ಹಾಗೆ ಮುಚ್ಚಿಹೋಯಿತು.

ಮೂರನೆಯವಳು ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದಳು. ಕೂರುವ ಮೊದಲೇ, "ನೀವು ಲಿಫ್ಟನ್ನ ಮೇಲಿಂದ ಬೀಳಿಸ್ತೀರಂತೆ, ಹೌದಾ?" ಎಂದಳು.

"ಬೀಳಿಸ್ತೀನಿ. ನೆಲಕ್ಕೆ ಬೀಳೋಕೆ ಬಿಡಲ್ಲ."

"ಬ್ರೇಕು ಬಿಸಿಯಾಗಿದ್ರೆ ಹಿಡಿಯೋ ದೂರ ಜಾಸ್ತಿ ಆಗುತ್ತಾ?"

ಇದುವರೆಗೆ ಹೋದ ಕಾಲೇಜುಗಳಲ್ಲಿ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. ಬ್ರೇಕ್ ಮೇಡಂ ಚೀಟಿಯ ಹಿಂಬದಿಯಲ್ಲಿ ಗೀಟು ಎಳೆದು ತೋರಿಸಿದಳು. ಹುಡುಗಿ ಜಡೆಯಿಂದ ಪೆನ್ಸಿಲ್ ಕಿತ್ತು ಅದೇ ಗೀಟನ್ನು ತಿದ್ದಿ, ಹೀಗಲ್ವಾ ಎಂದಳು. ಹೀಗೇ. ಇಬ್ಬರೂ ತಲೆಗೆ ತಲೆ ತಾಗುವಷ್ಟು ಬಗ್ಗಿ ಕೂತಿದ್ದರು. ಹತ್ತು ನಿಮಿಷ ಇಪ್ಪತ್ತಾಯಿತು. ಆಮೇಲೆ ಹುಡುಗಿ ದನಿ ತಗ್ಗಿಸಿದಳು.

"ಅಕ್ಕ, ಒಂದ್ ಮಾತು ಕೇಳ್ಲಾ? ಬೇರೆ ಯಾರನ್ನ ಕೇಳೋಕೂ ಆಗಲ್ಲ. ನಮ್ಮಪ್ಪಂಗೆ ಕಾಲು ತೆಗೆದಿದಾರೆ. ಗಾಯ ತೊಳೆದು ಕಟ್ಟೋದು, ಅಡುಗೆ, ಎಲ್ಲಾ ನಾನೇ. ಅಮ್ಮ ಇಲ್ಲ. ಅಣ್ಣ ಇದಾನೆ, ಅವನಿಗೆ ರಕ್ತ ನೋಡಿದ್ರೆ ಆಗಲ್ವಂತೆ. ಪಾಳಿ ಇದ್ರೆ ಹೇಗಾದ್ರೂ ಹೊಂದಿಸ್ಕೋತೀನಿ. ನೀವು ಹೇಗೆ ಹೊಂದಿಸ್ಕೊಂಡ್ರಿ, ಅದನ್ನ ಹೇಳಿ."

ನಿಲ್ಲು, ಹೇಳಬೇಡ ಎನ್ನುವಷ್ಟರಲ್ಲಿ ಹುಡುಗಿ ಹೇಳಿ ಮುಗಿಸಿದ್ದಳು. ಬ್ರೇಕ್ ಮೇಡಂ ಏನು ಉತ್ತರ ಕೊಟ್ಟಳೋ ಅವಳಿಗೇ ಆಮೇಲೆ ನೆನಪಾಗಲಿಲ್ಲ. ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕು ಎಂಬಂಥದ್ದೇನೋ ಇರಬೇಕು. ಹುಡುಗಿ ನಕ್ಕು, ಥ್ಯಾಂಕ್ಸ್ ಅಕ್ಕ ಎಂದು ಎದ್ದುಹೋದಳು.

ಆಮೇಲೆ ಎರಡು ಗಂಟೆಯವರೆಗೆ ಹುಡುಗಿಯರಿಗೆಲ್ಲ ಲಿಖಿತ ಪರೀಕ್ಷೆ. ಕೋಣೆಯಲ್ಲಿ ಬ್ರೇಕ್ ಮೇಡಂ ಒಬ್ಬಳೇ. ಮೇಜಿನ ಮೇಲೆ ಮೂರು ಚೀಟಿ. ಡಬ್ಬಿ ತೆರೆದು ಮುಚ್ಚಿದಳು.

ಇದ್ದದ್ದನ್ನು ಬರೆದರೆ ಕೆಂಪು ಶಾಯಿ. ಖಾಲಿ ಬಿಟ್ಟರೂ ಅದೇ. 'ಮನೆಯಲ್ಲಿ ಏನೂ ತೊಂದರೆ ಇಲ್ಲ' ಎಂದು ಬರೆದುಬಿಡಬಹುದಿತ್ತು, ಆದರೆ ಅದು ಸುಳ್ಳು. ಅರ್ಧ ಅಂಗುಲ ಹೆಚ್ಚು ಜಾರಿದ ಬ್ರೇಕಿಗೆ ಸಹಿ ಹಾಕೆಂದು ಮೇಲಧಿಕಾರಿ ಎರಡು ದಿನ ಪೀಡಿಸಿದಾಗಲೂ ಹಾಕದ ಕೈ ಅದು. ಅದಕ್ಕಿಂತ ಹೆಚ್ಚಾಗಿ, ಇವತ್ತು ಈ ಮೂವರಿಗೆ ಸುಳ್ಳು ಬರೆದರೂ ಹುಡುಗಿಯರು ಬಂದು ಕೂರುವುದು, ಅಕ್ಕ ಎನ್ನುವುದು, ಬಾಯಿ ಬಿಡುವುದು ಹಾಗೇ ನಡೆಯುತ್ತದೆ. ಪಕ್ಕದ ಕೋಣೆಯಲ್ಲಿ ಹೊಸಬಳು ಮಾದರಿ ನೋಡಿಕೊಂಡು ದುಂಡಗೆ ಬರೆಯುತ್ತಿರುತ್ತಾಳೆ.

ಅವಳು ಎದ್ದು ಕಪ್ಪುಹಲಗೆಯ ಹತ್ತಿರ ಹೋದಳು. ಹಿಂದಿನ ಪಾಠದ ಸೂತ್ರಗಳನ್ನು ಒರೆಸಿ ಸೀಮೆಸುಣ್ಣ ಎತ್ತಿಕೊಂಡಳು. ಬಾಗಿಲಿಂದ ಒಳಬರುವವರಿಗೆ ಮೊದಲು ಕಾಣುವ ಜಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಳು:

'ನಿಮ್ಮ ಮನೆಯ ಬಗ್ಗೆ ನೀವು ಇಲ್ಲಿ ನನಗೆ ಹೇಳುವುದನ್ನು ನಾನು ಬರೆದು ಕಂಪನಿಗೆ ಕೊಡಬೇಕು. ಅದನ್ನು ನೋಡಿ ಕೆಲಸ ಕೊಡದೆ ಇರಬಹುದು. ಹೇಳುವುದು ಬಿಡುವುದು ನಿಮ್ಮ ಇಷ್ಟ.'

ಸೀಮೆಸುಣ್ಣ ಕೆಳಗಿಡುವುದಕ್ಕೂ ಲೆಕ್ಕದಕ್ಕ ಡಬ್ಬಿ ಹಿಡಿದು ಬರುವುದಕ್ಕೂ ಸರಿಹೋಯಿತು. ಒಟ್ಟಿಗೆ ಉಣ್ಣೋಣವೆಂದು ಬಂದವಳು ಬಾಗಿಲಲ್ಲೇ ನಿಂತು ಹಲಗೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಲೆಕ್ಕಪತ್ರ ಓದುವವಳಲ್ಲವೆ, ಎರಡು ಸಲ ಓದಿದಳು.

"ಒರೆಸು," ಎಂದಳು. "ನಾನು ನೋಡೇ ಇಲ್ಲ ಅಂದ್ಕೋತೀನಿ."

"ಇದರಲ್ಲಿ ಸುಳ್ಳು ಇದ್ದರೆ ಹೇಳಿ ಅಕ್ಕ, ಒರೆಸ್ತೀನಿ."

"ಸುಳ್ಳು ಅಂತ ಯಾರಂದ್ರು? ಇದನ್ನ ಓದಿದ ಮೇಲೆ ಯಾವ ಹುಡುಗಿ ನಿನ್ನ ಹತ್ರ ಬಾಯಿ ಬಿಡ್ತಾಳೆ? ಬಾಯಿ ಬಿಡದೆ ಇದ್ರೆ ನಮ್ಮನ್ನ ಇಲ್ಲೀವರೆಗೆ ಯಾಕೆ ಕರ್ಕೊಂಡು ಬರ್ತಾರೆ? ಮುಂದಿನ ವರ್ಷ ಬಳಗ ಯಾಕೆ ಬೇಕು ಅವರಿಗೆ?"

"ಗೊತ್ತು."

"ಗೊತ್ತಿದ್ದೂ ಮಾಡ್ತಿದೀಯ." ಲೆಕ್ಕದಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಗುರುವಾರ ಬರಬೇಡ ಅಂತ ನಾನು ಯಾವತ್ತೂ ಹೇಳಲ್ಲ ಕಣೆ. ನಿನಗೇ ಬರೋಕಾಗಲ್ಲ, ನೋಡ್ತಿರು. ಹನ್ನೊಂದು ಜನ ಕೂತಿರೋ ಕಡೆ ಹತ್ತು ಜನ ನಿನ್ನ ಮುಖ ನೋಡಿದ್ರೆ ನಿನಗೆ ಅನ್ನ ಇಳಿಯುತ್ತಾ?"

ಅವಳು ಮೇಜಿನ ಹತ್ತಿರ ಬಂದು ಡಸ್ಟರನ್ನು ಎತ್ತಿ ಬ್ರೇಕ್ ಮೇಡಂ ಕೈಯಲ್ಲಿಟ್ಟಳು. ಡಬ್ಬಿ ಹಿಡಿದುಕೊಂಡು ಬಂದ ಹಾಗೇ ಹೊರಟುಹೋದಳು. ಕಾರಿಡಾರಿನಲ್ಲಿ ಅವಳ ಚಪ್ಪಲಿಯ ಸದ್ದು ಪಕ್ಕದ ಕೋಣೆಯವರೆಗೆ ಹೋಗಿ ನಿಂತಿತು. ಆಮೇಲೆ ಹೊಸಬಳ ನಗು ಕೇಳಿಸಿತು, ಡಬ್ಬಿಯ ಮುಚ್ಚಳ ತೆರೆದ ಸದ್ದೂ.

ಬ್ರೇಕ್ ಮೇಡಂ ಡಸ್ಟರ್ ಹಿಡಿದು ಹಲಗೆಯ ಮುಂದೆ ನಿಂತಳು. ಒಂದು ಸಲ ಕೈಯಾಡಿಸಿದರೆ ಸಾಕಿತ್ತು. ಪಕ್ಕದ ಕೋಣೆಗೆ ಹೋಗಿ ಕೂತರೆ ಅವರು ಜರುಗಿ ಜಾಗ ಕೊಡುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಲೆಕ್ಕದಕ್ಕ ಇದನ್ನು ಇನ್ನೊಮ್ಮೆ ಎತ್ತುವವಳೂ ಅಲ್ಲ. ಅಳತೆಯ ಉಪಕರಣಗಳ ಕೋಣೆ ಕಣ್ಣಿಗೆ ಕಟ್ಟಿತು: ಮುಂದಕ್ಕೆಳೆದ ಬಾಗಿಲು, ಹೊರಗೆ ಮೂವತ್ತೊಂದು ಜನರ ನಗು, ಮಡಿಲಲ್ಲಿ ಮೂರರಲ್ಲಿ ಮಿಕ್ಕಿದ ಒಂದು. ನಿವೃತ್ತಿಗೆ ಇನ್ನು ಇಪ್ಪತ್ತೊಂದು ವರ್ಷ.

ತೆರೆದ ಕಿಟಕಿಯಿಂದ ಹೊರಗೆ ಕೈ ಚಾಚಿ ಡಸ್ಟರನ್ನು ಗೋಡೆಗೆ ಬಡಿದಳು. ಸುಣ್ಣದ ಪುಡಿ ಹಾರಿತು. ಅದನ್ನು ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿ ಇಟ್ಟಳು. ಮೇಜಿನ ಮೇಲಿದ್ದ ಮೂರೂ ಚೀಟಿಗಳನ್ನು ಹರಿದು ಬುಟ್ಟಿಗೆ ಹಾಕಿ, ಹೊಸ ಚೀಟಿ ತೆಗೆದಿಟ್ಟಳು. ಎರಡು ಗಂಟೆಗೆ ಬಾಗಿಲು ತೆರೆದು, ಬೆಳಗ್ಗೆ ಬಂದಿದ್ದ ಮೂವರೂ ಇನ್ನೊಮ್ಮೆ ಬರಬೇಕೆಂದೂ ಮೊದಲು ಪೆನ್ಸಿಲ್ ಹುಡುಗಿ ಬರಬೇಕೆಂದೂ ಹೇಳಿಕಳಿಸಿದಳು.

ಹುಡುಗಿ ನಗುತ್ತ ಬಂದಳು. "ಪರೀಕ್ಷೇಲಿ ಬ್ರೇಕ್ ಬಗ್ಗೇನೇ ಪ್ರಶ್ನೆ ಬಂದಿತ್ತು ಅಕ್ಕ" ಎನ್ನುತ್ತಿದ್ದವಳು ಹಲಗೆ ನೋಡಿ ನಿಂತಳು. ಓದಿದಳು. ಓದುತ್ತಿದ್ದ ಹಾಗೆ ಅವಳ ಮುಖ ಒಂದೊಂದೇ ಸಾಲಿಗೆ ಮುಚ್ಚಿಕೊಳ್ಳುತ್ತ ಹೋಯಿತು. ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡು ಕೂತಳು.

"ಬೆಳಗ್ಗೆ ಬರೆದದ್ದೆಲ್ಲ ಹರಿದುಹಾಕಿದೀನಿ," ಎಂದಳು ಬ್ರೇಕ್ ಮೇಡಂ. "ಹೊಸದಾಗಿ ಶುರುಮಾಡೋಣ. ನಿನ್ನ ಮನೆ ಬಗ್ಗೆ ಏನು ಬರೀಲಿ?"

ಹುಡುಗಿ ಅವಳನ್ನೂ ಹಲಗೆಯನ್ನೂ ಮತ್ತೊಮ್ಮೆ ನೋಡಿದಳು.

"ಮನೇಲಿ ಏನೂ ತೊಂದರೆ ಇಲ್ಲ, ಮೇಡಂ. ಎಲ್ಲಾ ಅಣ್ಣ ನೋಡ್ಕೋತಾನೆ."

ಬ್ರೇಕ್ ಮೇಡಂ ತಲೆಯಾಡಿಸಿದಳು. 'ಕೇಳಿದ್ದಕ್ಕೆ ಅವಳು ಹೇಳಿದ್ದು' ಎಂದು ಮೊದಲು ಬರೆದು, ಅದರ ಮುಂದೆ ಹುಡುಗಿ ಹೇಳಿದ್ದನ್ನು ಹೇಳಿದ ಹಾಗೇ ಬರೆದಳು. ಕೆಳಗೆ ಸಹಿ ಹಾಕಿದಳು. ಹೊರಗೆ ಹದಿಮೂರು ಹುಡುಗಿಯರು ಕಾಯುತ್ತಿದ್ದರು. ಈ ಹುಡುಗಿ ಬಾಗಿಲು ದಾಟಿದ ಗಳಿಗೆಯಲ್ಲೇ ಹಲಗೆಯ ಮೇಲಿನದು ಅವರಿಗೆಲ್ಲ ಗೊತ್ತಾಗಿಹೋಗುತ್ತದೆ. ಅವಳು ಪಟ್ಟಿ ನೋಡಿ ಮುಂದಿನವಳನ್ನು ಕರೆದಳು.